ಬೆಳಿಗ್ಗೆ ಒಂಬತ್ತರ ಉರಿಬಿಸಿಲು

ನನ್ನ ಬೋಧನಾಭ್ಯಾಸದ ಹದಿನಾಲ್ಕನೇ ಪಾಠದ ಬಗ್ಗೆ ಬರೆಯಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ವೀಕ್ಷಣಾ ಪುಸ್ತಕದಲ್ಲಿ ಆ ಪಾಠಕ್ಕೆ ಒಳ್ಳೆಯ ಅಂಕಗಳೇ ಬಿದ್ದಿವೆ. ‘ಕಲಿಕಾ ಸಾಮಗ್ರಿ ಉತ್ತಮ, ತಂತ್ರಜ್ಞಾನದ ಬಳಕೆ ಶ್ಲಾಘನೀಯ’ ಎಂಬ ಷರಾ ಕೂಡ ಇದೆ. ಆದರೆ ಅಂದು ನಾನು ತರಗತಿಯಲ್ಲಿ ತೋರಿಸಿದ ನಕ್ಷೆ ತಪ್ಪಾಗಿತ್ತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಒಬ್ಬ ವಿದ್ಯಾರ್ಥಿನಿ ಅದನ್ನು ಸರಿಯಾಗಿಯೇ ಪ್ರಶ್ನಿಸಿದಾಗ ನಾನು ಆಕೆಯನ್ನು ಕೂರಿಸಿದೆ. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಒಳ್ಳೆಯ ಪಾಠಗಳಿಗಿಂತ ಇದೊಂದು ಹೆಚ್ಚು ಉಪಯೋಗಕ್ಕೆ ಬರಬಹುದು ಎನ್ನಿಸಿ ಬರೆಯುತ್ತಿದ್ದೇನೆ.

ಅದು 2024–25ನೇ ಸಾಲು. ನನಗೆ ಬಸವೇಶ್ವರನಗರದ ಕಡೆಯ ಒಂದು ಪ್ರೌಢಶಾಲೆ ಸಿಕ್ಕಿತ್ತು. ದಿನವೂ ಕೆಂಗೇರಿಯಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ವಿಜಯನಗರಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಿದ್ದೆ. ಎಂಟನೇ ತರಗತಿಯಲ್ಲಿ 43 ಮಕ್ಕಳು. ಗಣಿತದಲ್ಲಿ ರೇಖಾನಕ್ಷೆಯ ಪಾಠ ನನ್ನ ಪಾಲಿಗೆ ಬಂತು. ಕಾಲ ಅಡ್ಡ ಅಕ್ಷದಲ್ಲಿ, ಅಳತೆ ಲಂಬ ಅಕ್ಷದಲ್ಲಿ. ಬಿಂದುಗಳನ್ನು ಗುರುತಿಸಿ ಸೇರಿಸುವುದು. ನಕ್ಷೆಯನ್ನು ಓದಿ ಪ್ರಶ್ನೆಗಳಿಗೆ ಉತ್ತರಿಸುವುದು. ಇಷ್ಟೇ ಪಾಠ. ಪುಸ್ತಕದ ಲೆಕ್ಕಗಳಲ್ಲಿ ಯಾವುದೋ ನಗರದ ತಾಪಮಾನ, ಯಾವುದೋ ಕಾರಿನ ಓಟ. ಅದರ ಬದಲು ಮಕ್ಕಳು ಸ್ವತಃ ಅನುಭವಿಸಿದ ಒಂದು ದಿನದ ಅಂಕಿಗಳನ್ನೇ ತಂದರೆ ‘ತೊಡಗಿಸಿಕೊಳ್ಳುವಿಕೆ’ಯ ಹಂತಕ್ಕೆ ಬೇರೆ ಪೀಠಿಕೆಯೇ ಬೇಡ ಎಂದುಕೊಂಡೆ.

ದಿನವನ್ನು ಆರಿಸುವುದು ಕಷ್ಟವಾಗಲಿಲ್ಲ. 2024ರ ಬೇಸಿಗೆಯನ್ನು ಬೆಂಗಳೂರಿನ ಯಾರೂ ಮರೆತಿರಲಿಲ್ಲ. ಬೋರ್‌ವೆಲ್‌ಗಳು ಒಣಗಿ, ಬೀದಿ ಬೀದಿಯಲ್ಲಿ ಟ್ಯಾಂಕರಿಗೆ ಕೊಡಗಳ ಸಾಲು ನಿಂತಿದ್ದ ಬೇಸಿಗೆ ಅದು. ಏಪ್ರಿಲ್ 28ರ ಭಾನುವಾರ ಹವಾಮಾನ ಇಲಾಖೆ ನಗರದಲ್ಲಿ 38.5 ಡಿಗ್ರಿ ಸೆಲ್ಸಿಯಸ್ ದಾಖಲಿಸಿತ್ತು. 2016ರ ಏಪ್ರಿಲ್ 25ರ 39.2 ಡಿಗ್ರಿ ಬಿಟ್ಟರೆ ಅಷ್ಟು ಬಿಸಿಯ ಏಪ್ರಿಲ್ ದಿನವನ್ನು ನಮ್ಮ ತಲೆಮಾರು ಇಲ್ಲಿ ಕಂಡಿರಲಿಲ್ಲ. ಆ ಒಂದು ದಿನದ ಗಂಟೆ ಗಂಟೆಯ ತಾಪಮಾನ ನನಗೆ ಬೇಕಿತ್ತು.

ಪದವಿಯಲ್ಲಿ ಸ್ವಲ್ಪ ಪೈಥಾನ್ ಕಲಿತಿದ್ದೆ. ಹುಡುಕಿದಾಗ ಓಪನ್-ಮೀಟಿಯೋ ಎಂಬ ಸೇವೆ ಸಿಕ್ಕಿತು. ವಾಣಿಜ್ಯೇತರ ಬಳಕೆಗೆ ಅದು ಉಚಿತ, ನೋಂದಣಿಯೂ ಬೇಡ. ಹಳೆಯ ಹವಾಮಾನದ ಅಂಕಿಗಳು 1940ರಿಂದ ಗಂಟೆಗೊಂದರಂತೆ ಇವೆ. ಅಂಕಿಗಳನ್ನು ತರಿಸಿಕೊಳ್ಳಲು ಪೈಥಾನ್‌ಗೆಂದೇ ಸಿದ್ಧಪಡಿಸಿದ ಒಂದು ಗ್ರಂಥಾಲಯವೂ ಇದೆ. ಇಲ್ಲಿ ಗ್ರಂಥಾಲಯ ಎಂದರೆ ನಮ್ಮ ಪರವಾಗಿ ಆ ಸೇವೆಯೊಡನೆ ಮಾತಾಡುವ, ಯಾರೋ ಬರೆದಿಟ್ಟ ಸಂಕೇತಗಳ ಕಟ್ಟು. ಕಚೇರಿಯಲ್ಲಿ ಅರ್ಜಿಯನ್ನು ಸರಿಯಾದ ನಮೂನೆಯಲ್ಲಿ ತುಂಬಿ, ಸರಿಯಾದ ಕಿಟಕಿಗೆ ಕೊಟ್ಟು, ಉತ್ತರ ತಂದುಕೊಡುವವರಿರುತ್ತಾರಲ್ಲ, ಹಾಗೆ. ನಾವು ಹೇಳಬೇಕಾದದ್ದು ಇಷ್ಟು: ಅಕ್ಷಾಂಶ, ರೇಖಾಂಶ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಅಳತೆ. ರಾಜಾಜಿನಗರದ ಸುಮಾರು 12.99 ಉತ್ತರ, 77.55 ಪೂರ್ವ ಕೊಟ್ಟೆ. ಏಪ್ರಿಲ್ 28 ಎಂದೆ. ನೆಲದಿಂದ 2 ಮೀಟರ್ ಎತ್ತರದ ಗಾಳಿಯ ತಾಪಮಾನ ಕೇಳಿದೆ. ಕಣ್ಣು ಮಿಟುಕಿಸುವುದರೊಳಗೆ 24 ಅಂಕಿಗಳು ಬಂದವು. ಅದೇ ಸೇವೆಯ ಪುಟದಲ್ಲಿದ್ದ ಮಾದರಿ ಸಂಕೇತವನ್ನು ನಕಲು ಮಾಡಿ, ಪ್ಯಾಂಡಾಸ್‌ನಲ್ಲಿ ಕೋಷ್ಟಕ ಮಾಡಿ, ನಕ್ಷೆ ಎಳೆದೆ. ಶಾಲೆಯಲ್ಲಿ ಇಂಟರ್ನೆಟ್ ನಂಬುವಂತಿರಲಿಲ್ಲ. ಹಾಗಾಗಿ ಎಲ್ಲವನ್ನೂ ಮನೆಯಲ್ಲೇ ಉಳಿಸಿಕೊಂಡು ಹೋದೆ.

ಕೋಷ್ಟಕದಲ್ಲಿ ಪ್ರತಿ ಗಂಟೆಯ ಮುಂದೂ ‘+00:00’ ಎಂಬ ಬಾಲ ಇತ್ತು. ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ಅದನ್ನು ತೆಗೆದುಹಾಕಿದೆ. ನಕ್ಷೆ ಚೊಕ್ಕಟವಾಯಿತು.

ಪಾಠದ ದಿನ ಹಿಂದಿನ ಬೆಂಚಿನಲ್ಲಿ ನಮ್ಮ ಮೇಲ್ವಿಚಾರಕ ಸರ್ ಇದ್ದರು, ಪಕ್ಕದಲ್ಲಿ ಇಬ್ಬರು ಸಹಪಾಠಿ ವೀಕ್ಷಕರು. ಪ್ರೊಜೆಕ್ಟರ್ ಕೈಕೊಡಲಿಲ್ಲ. ಆ ಭಾನುವಾರ ಏನು ಮಾಡಿದಿರಿ ಎಂದು ಕೇಳಿದೆ. ತಾರಸಿಯಲ್ಲಿ ಬರಿಗಾಲಲ್ಲಿ ನಿಲ್ಲಲಾಗಲಿಲ್ಲ, ನೀರು ಬರಲಿಲ್ಲ, ಫ್ಯಾನಿನ ಗಾಳಿಯೇ ಬಿಸಿ ಇತ್ತು ಎಂದು ಉತ್ತರಗಳು ಸುರಿದವು. ನಕ್ಷೆ ತೋರಿಸಿದೆ. ತಾಪಮಾನ ಎಡತುದಿಯಲ್ಲಿ ಕೆಳಗಿದ್ದು, ಕಡಿದಾಗಿ ಏರಿ, ಒಂಬತ್ತು ಹತ್ತರ ನಡುವೆ ತುದಿ ಮುಟ್ಟಿ, ಆಮೇಲೆ ನಿಧಾನವಾಗಿ ಇಳಿಯುತ್ತಿತ್ತು. ‘ಅತಿ ಹೆಚ್ಚು ತಾಪಮಾನ ಯಾವ ಹೊತ್ತಿನಲ್ಲಿದೆ?’ ಎಂದು ಕೇಳಿದೆ. ‘ಒಂಬತ್ತು ಗಂಟೆ ಮಿಸ್’ ಎಂದು ನಾಲ್ಕೈದು ಜನ ಒಟ್ಟಿಗೆ ಹೇಳಿದರು. ನಕ್ಷೆ ಓದುವುದು ಬಂದಿದೆ ಎಂದು ನಾನು ಸಂತೋಷಪಟ್ಟೆ.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಸಾಮಾನ್ಯವಾಗಿ ಮಾತಾಡದ ಹುಡುಗಿ.

‘ಮಿಸ್, ಬೆಳಿಗ್ಗೆ ಒಂಬತ್ತಕ್ಕೆ ಅಷ್ಟು ಬಿಸಿ ಇರಲ್ಲ.’

‘ಯಾಕೆ ಹಾಗೆ ಹೇಳ್ತೀಯ?’

‘ನಮ್ಮಮ್ಮ ಇಸ್ತ್ರಿ ಗಾಡಿ ಇಟ್ಟಿದ್ದಾರೆ ಮಿಸ್. ಒಂಬತ್ತಕ್ಕೆ ಕೆಂಡ ಹಾಕಿ ಶುರು ಮಾಡ್ತಾರೆ. ಬೇಸಿಗೇಲಿ ಮಧ್ಯಾಹ್ನ ಊಟ ಆದ್ಮೇಲೆ ನಿಲ್ಲಕ್ಕೇ ಆಗಲ್ಲ ಅಂತ ನಾಲ್ಕು ಗಂಟೆವರ್ಗೂ ಗಾಡಿ ಮುಚ್ತಾರೆ.’

ಇಲ್ಲಿ ನಾನು ನಿಲ್ಲಬೇಕಿತ್ತು. ಎಂಟನೇ ತರಗತಿಯ ಮಗು ಒಂದು ಹೇಳಿಕೆ ಕೊಟ್ಟಿದ್ದಳು, ಅದಕ್ಕೆ ಆಧಾರವನ್ನೂ ಕೊಟ್ಟಿದ್ದಳು. ಆದರೆ ನನ್ನ ಕಣ್ಣು ಹಿಂದಿನ ಬೆಂಚಿನ ಮೇಲಿತ್ತು. ಇನ್ನೂ ಹದಿನೆಂಟು ನಿಮಿಷದಲ್ಲಿ ವಿಸ್ತರಣೆ, ಮೌಲ್ಯಮಾಪನ ಎರಡೂ ಮುಗಿಯಬೇಕಿತ್ತು. ‘ಇದು ಉಪಗ್ರಹ, ಕಂಪ್ಯೂಟರ್ ಎಲ್ಲಾ ಸೇರಿ ಕೊಟ್ಟಿರೋ ದತ್ತಾಂಶ ಕಣಮ್ಮ. ನಮಗೆ ಅನ್ನಿಸೋದು ಬೇರೆ, ಅಳತೆ ಬೇರೆ’ ಎಂದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ‘ನಗರದಲ್ಲಿ ಕಾಂಕ್ರೀಟ್ ಕಟ್ಟಡಗಳಿರೋದರಿಂದ ಬೆಳಿಗ್ಗೆಯೇ ಬೇಗ ಬಿಸಿಯೇರುತ್ತೆ’ ಎಂದು ಒಂದು ಕಾರಣವನ್ನೂ ಅಲ್ಲೇ ಹುಟ್ಟಿಸಿದೆ. ನಗರದ ಉಷ್ಣದ್ವೀಪದ ಬಗ್ಗೆ ಎಲ್ಲೋ ಓದಿದ್ದೆ. ಅದರ ಪರಿಣಾಮ ಹೆಚ್ಚಾಗಿ ಕಾಣುವುದು ರಾತ್ರಿಯಲ್ಲಿ ಎಂಬುದು ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಹುಡುಗಿ ‘ಸರಿ ಮಿಸ್’ ಎಂದು ಕೂತಳು. ಪಾಠ ಸಮಯಕ್ಕೆ ಸರಿಯಾಗಿ ಮುಗಿಯಿತು.

ಸಂಜೆ ವೀಕ್ಷಣಾ ಪುಸ್ತಕ ತೆರೆದಾಗ ಮೆಚ್ಚುಗೆಯ ಮಾತುಗಳ ಕೆಳಗೆ ಇನ್ನೊಂದು ಸಾಲಿತ್ತು: ‘ವಿದ್ಯಾರ್ಥಿನಿಯ ಅನುಭವವನ್ನು ಬಳಸಿಕೊಳ್ಳಬಹುದಿತ್ತು.’ ಅಂಟಿಸಿದ್ದ ನಕ್ಷೆಯ ಅಡ್ಡ ಅಕ್ಷದ ಕೆಳಗೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ.

ಆ ರಾತ್ರಿ ಸಂಕೇತವನ್ನು ಮತ್ತೆ ಓಡಿಸಿದೆ. ಉತ್ತರದ ಮೇಲ್ಭಾಗದಲ್ಲಿ ನಾಲ್ಕು ಸಾಲುಗಳು ಯಾವಾಗಲೂ ಮುದ್ರಣವಾಗುತ್ತಿದ್ದವು. ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಇತ್ಯಾದಿ. ಅವುಗಳಲ್ಲಿ ಒಂದನ್ನು ನಾನು ಹತ್ತಾರು ಸಲ ನೋಡಿಯೂ ಓದಿರಲಿಲ್ಲ: ಗ್ರೀನಿಚ್ ಸಮಯದಿಂದ ವ್ಯತ್ಯಾಸ, 0 ಸೆಕೆಂಡು. ನಾನು ಸಮಯವಲಯ ಯಾವುದೆಂದು ಹೇಳಿರಲಿಲ್ಲ. ಹೇಳದಿದ್ದರೆ ಆ ಸೇವೆ ಗ್ರೀನಿಚ್ ಸಮಯದಲ್ಲೇ, ಅಂದರೆ ಯುಟಿಸಿಯಲ್ಲಿ, ದಿನವನ್ನು ಲೆಕ್ಕ ಹಾಕುತ್ತದೆ. ನಾನು ಕಸವೆಂದು ಕಿತ್ತುಹಾಕಿದ ‘+00:00’ ಹೇಳುತ್ತಿದ್ದದ್ದೂ ಅದನ್ನೇ. ನಕ್ಷೆಯ ಒಂಬತ್ತು ಗಂಟೆ ಎಂದರೆ ನಮ್ಮ ಮಧ್ಯಾಹ್ನದ ಎರಡೂವರೆ. ಇಸ್ತ್ರಿ ಗಾಡಿ ಮುಚ್ಚಿರುವ ಹೊತ್ತು.

ಇನ್ನೂ ಒಂದು ವಿಷಯ ಅಂದೇ ತಿಳಿಯಿತು. ಈ ಗ್ರಂಥಾಲಯ ಪ್ರತಿ ಅಂಕಿಯ ಜೊತೆಗೂ ಅದರ ಗಂಟೆಯನ್ನು ಕಳಿಸುವುದಿಲ್ಲ. ಆರಂಭದ ಕ್ಷಣ, ಕೊನೆಯ ಕ್ಷಣ, ನಡುವಿನ ಅಂತರ ಇಷ್ಟನ್ನೇ ಕಳಿಸುತ್ತದೆ. ಆರಂಭ ಮತ್ತು ಕೊನೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳಲ್ಲಿರುತ್ತವೆ, ಅಂತರ 3600 ಸೆಕೆಂಡು. ಅವುಗಳಿಂದ ಗಂಟೆಗಳ ಕಾಲಂ ಕಟ್ಟುವುದು ನಮ್ಮ ಕಂಪ್ಯೂಟರಿನಲ್ಲಿ, ನಾವು ಬರೆದ ಸಾಲಿನಲ್ಲಿ. ಅಂದರೆ ತಾಪಮಾನದ ಅಂಕಿಗಳು ಆ ಸೇವೆಯವು, ಗಂಟೆಗಳ ಹೆಸರು ನನ್ನದು. ‘ಕಂಪ್ಯೂಟರ್ ಕೊಟ್ಟ ದತ್ತಾಂಶ’ ಎಂದು ಯಾವುದನ್ನು ಮುಂದಿಟ್ಟು ಆ ಹುಡುಗಿಯನ್ನು ಕೂರಿಸಿದೆನೋ, ಅದರ ತಪ್ಪಿದ್ದ ಭಾಗವನ್ನು ಮಾಡಿದವಳು ನಾನೇ.

ಮರುದಿನ ಮಕ್ಕಳ ನೋಟ್‌ಬುಕ್‌ಗಳನ್ನು ತಿದ್ದಲು ತೆಗೆದುಕೊಂಡೆ. 43ರಲ್ಲಿ ಹೆಚ್ಚಿನವರು ಬರೆದಿದ್ದರು: ‘ಬೆಳಿಗ್ಗೆ 9 ಗಂಟೆಗೆ ತಾಪಮಾನ ಅತಿ ಹೆಚ್ಚು. ಕಾರಣ, ಕಾಂಕ್ರೀಟ್ ಕಟ್ಟಡಗಳು.’ ಎರಡನೇ ಬೆಂಚಿನ ಹುಡುಗಿಯ ಪುಸ್ತಕದಲ್ಲೂ ಅದೇ ಇತ್ತು, ದುಂಡಾದ ಅಕ್ಷರದಲ್ಲಿ, ಕೆಳಗೆ ಸ್ಕೇಲಿನಿಂದ ಗೆರೆ ಎಳೆದು. ತಾನು ಕಂಡದ್ದನ್ನು ಬಿಟ್ಟು ನಾನು ಹೇಳಿದ್ದನ್ನು ಬರೆದಿದ್ದಳು. ಪರೀಕ್ಷೆಯಲ್ಲಿ ಅಂಕ ಬರುವುದು ಯಾವುದಕ್ಕೆ ಎಂಬುದು ಮಕ್ಕಳಿಗೆ ಚೆನ್ನಾಗಿ ಗೊತ್ತು. ನನಗೆ ನಿಜವಾಗಿ ಕಷ್ಟವಾದದ್ದು ಆ ಪುಟ ನೋಡಿದಾಗ.

ಗಣಿತದ ಮೇಡಂ ಬಳಿ ಹೋಗಿ ಹದಿನೈದು ನಿಮಿಷ ಕೇಳಿದೆ. ಅವರಿಗೆ ಪೋರ್ಷನ್ ಮುಗಿಸುವ ಒತ್ತಡ. ‘ನೀವು ಇನ್ನು ಎರಡು ವಾರದಲ್ಲಿ ಹೋಗ್ತೀರಮ್ಮ, ನಾನು ಇಲ್ಲೇ ಇರಬೇಕು. ಟೀಚರ್ ತಪ್ಪು ಹೇಳ್ತಾರೆ ಅಂತ ಒಂದು ಸಲ ಮಕ್ಕಳ ತಲೇಲಿ ಕೂತರೆ ಕ್ಲಾಸ್ ಹಿಡಿತಕ್ಕೆ ಸಿಗಲ್ಲ. ಸರಿಯಾದ ನಕ್ಷೆ ಕೊಟ್ಟು ಅಂಟಿಸಿಸಿ, ಸಾಕು’ ಎಂದರು. ಅವರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 43 ಮಕ್ಕಳ ತರಗತಿಯನ್ನು ವರ್ಷಪೂರ್ತಿ ನಡೆಸುವವರ ಮಾತು ಅದು. ಆದರೆ ನಕ್ಷೆ ಬದಲಿಸಿ ಅಂಟಿಸಿದರೆ ನಕ್ಷೆ ಮಾತ್ರ ಸರಿಹೋಗುತ್ತದೆ. ತನ್ನ ಕಣ್ಣಿಗಿಂತ ಪರದೆಯನ್ನು ನಂಬಬೇಕೆಂದು ಆ ಹುಡುಗಿ ಕಲಿತದ್ದು ಹಾಗೇ ಉಳಿಯುತ್ತದೆ. ಇದನ್ನೇ ಸ್ವಲ್ಪ ತಡವರಿಸಿ ಹೇಳಿದೆ. ಮೇಡಂ ಒಂದು ಕ್ಷಣ ಸುಮ್ಮನಿದ್ದು, ‘ಹಾಗಾದರೆ ಪೂರ್ತಿ ಪೀರಿಯಡ್ ತಗೊಳ್ಳಿ. ಅರ್ಧಂಬರ್ಧ ಬೇಡ. ನಾನೂ ಕೂತಿರ್ತೀನಿ’ ಎಂದರು.

ಮೇಲ್ವಿಚಾರಕ ಸರ್‌ಗೂ ಹೇಳಿದೆ. ಆ ಪಾಠದ ಅಂಕಗಳನ್ನು ಕಡಿಮೆ ಮಾಡಿದರೂ ಸರಿ ಎಂದೆ. ಅವರು ನಕ್ಕರು. ‘ಯುಟಿಸಿ ವಿಚಾರ ನನಗೂ ಹೊಳೆದಿರಲಿಲ್ಲಮ್ಮ. ಕೆಂಡದ ಇಸ್ತ್ರಿ ಪೆಟ್ಟಿಗೆ ಹಿಡಿಯೋರಿಗೆ ಬಿಸಿಲಿನ ಲೆಕ್ಕ ತಪ್ಪಲ್ಲ ಅಂತ ಅನ್ನಿಸಿತು, ಅದಕ್ಕೇ ಪ್ರಶ್ನೆ ಹಾಕಿದೆ’ ಎಂದರು. ಅಂಕಗಳನ್ನು ಅವರು ಬದಲಿಸಲಿಲ್ಲ. ತಿದ್ದುವ ಪಾಠಕ್ಕೆ ಯೋಜನೆ ಬರೆದು ತೋರಿಸಲು ಹೇಳಿದರು.

ಆ ತರಗತಿಯನ್ನು ಹೀಗೆ ಶುರು ಮಾಡಿದೆ: ‘ಹಿಂದಿನ ಪಾಠದಲ್ಲಿ ನಾನು ಎರಡು ತಪ್ಪು ಮಾಡಿದೆ. ಒಂದು ನಕ್ಷೆಯಲ್ಲಿದೆ, ಅದನ್ನು ನೀವು ಹುಡುಕಬೇಕು. ಇನ್ನೊಂದನ್ನು ನಾನೇ ಹೇಳ್ತೀನಿ. ನಿಮ್ಮ ಸ್ನೇಹಿತೆ ಸರಿಯಾದ ಪ್ರಶ್ನೆ ಕೇಳಿದಾಗ ನಾನು ಕೇಳಿಸಿಕೊಳ್ಳದೆ, ಗೊತ್ತಿಲ್ಲದ ಕಾರಣ ಹೇಳಿ ಕೂರಿಸಿದೆ.’ ತರಗತಿ ಪೂರ್ತಿ ಸದ್ದಿಲ್ಲದಾಯಿತು. ಹುಡುಗಿ ತಲೆ ತಗ್ಗಿಸಿದಳು. ಹೊಗಳಿಕೆಯನ್ನು ಇನ್ನೂ ಎಳೆದರೆ ಆಕೆಗೆ ಮುಜುಗರವಾಗುತ್ತದೆ ಎಂದು ಅಲ್ಲಿಗೇ ನಿಲ್ಲಿಸಿದೆ.

ಅದೇ ನಕ್ಷೆಯನ್ನು ಬಾಲದೊಂದಿಗೆ ತೋರಿಸಿದೆ. ‘+00:00’ ಏನಿರಬಹುದು? ಊಹೆಗಳು ಬಂದವು. ಗಡಿಯಾರದ ಗುರುತು ಎಂದ ಒಬ್ಬ. ಬೇರೆ ದೇಶದ ಟೈಮಾ ಮಿಸ್ ಎಂದಳು ಇನ್ನೊಬ್ಬಳು. ಗ್ರೀನಿಚ್ ಎಂಬ ಹೆಸರು ನಾನು ಹೇಳುವ ಮೊದಲೇ ಸಮಾಜ ವಿಜ್ಞಾನದಿಂದ ಎದ್ದು ಬಂತು. ಮುಂದಿನದು ಅವರದೇ ಕೆಲಸವಾಯಿತು. ಭಾರತದ ಸಮಯಕ್ಕೆ ಆಧಾರ ಯಾವ ರೇಖಾಂಶ? ಮಿರ್ಜಾಪುರದ ಬಳಿ ಹಾದುಹೋಗುವ 82½ ಡಿಗ್ರಿ ಪೂರ್ವ. ಭೂಮಿ ಒಂದು ಡಿಗ್ರಿ ತಿರುಗಲು? 4 ನಿಮಿಷ. 82½ನ್ನು 4ರಿಂದ ಗುಣಿಸಿದರೆ 330 ನಿಮಿಷ, ಅಂದರೆ 5 ಗಂಟೆ 30 ನಿಮಿಷ. ಒಂಬತ್ತಕ್ಕೆ ಕೂಡಿಸಿ ಎಂದೆ. ‘ಎರಡೂವರೆ!’ ಎಂಬ ಕೂಗಿಗೆ ಪಕ್ಕದ ತರಗತಿಯವರು ಇಣುಕಿ ನೋಡಿದರು. ಸಮಾಜ ವಿಜ್ಞಾನದ ಆ ಲೆಕ್ಕ ಪರೀಕ್ಷೆಗಲ್ಲದೆ ಇನ್ನೊಂದಕ್ಕೂ ಬೇಕಾಗುತ್ತದೆ ಎಂದು ಅವರಿಗೆ ತಿಳಿದದ್ದು ಅಂದೇ ಇರಬೇಕು. ನನಗೂ ಅಷ್ಟೇ.

ಬಳಿಕ ಯಾಕೆ ಎರಡೂವರೆ ಎಂಬ ಪ್ರಶ್ನೆ ಅವರಿಂದಲೇ ಬಂತು. ಸೂರ್ಯ ನೆತ್ತಿಗೆ ಬರುವುದು ಬೆಂಗಳೂರಿನಲ್ಲಿ ಆ ದಿನಗಳಲ್ಲಿ ಹನ್ನೆರಡೂಕಾಲು ದಾಟಿದ ಮೇಲೆ. ಅಲ್ಲಿಂದ ಮುಂದೆಯೂ ನೆಲ ಕಳೆದುಕೊಳ್ಳುವುದಕ್ಕಿಂತ ಹೆಚ್ಚು ಶಾಖ ಪಡೆಯುತ್ತಲೇ ಇರುತ್ತದೆ. ಒಲೆ ಸಣ್ಣ ಮಾಡಿದ ತಕ್ಷಣ ಹೆಂಚಿನ ಕಾವು ಇಳಿಯುವುದಿಲ್ಲವಲ್ಲ, ಹಾಗೆ. ಈ ಸಲ ನಾನು ಹೇಳಿದ ಕಾರಣವನ್ನು ಹಿಂದಿನ ರಾತ್ರಿ ಓದಿ ಖಚಿತಪಡಿಸಿಕೊಂಡಿದ್ದೆ.

ವಿಸ್ತರಣೆಯ ಹಂತದಲ್ಲಿ ಮಕ್ಕಳು ನನ್ನನ್ನು ಇನ್ನೊಂದು ಕಡೆಗೆ ಕರೆದೊಯ್ದರು. ‘ಮಿಸ್, ನಿಮ್ಮ ಕೆಂಗೇರೀಲಿ ಎಷ್ಟಿತ್ತು?’ ಎಂದ ಒಬ್ಬ ಹುಡುಗ. ಜೂನ್ 2ರ ಮಳೆಯದೂ ಬೇಕು ಎಂದರು ಕೆಲವರು. ಅದು ಕೂಡ ಭಾನುವಾರವೇ. ನಗರದಲ್ಲಿ ಒಂದೇ ದಿನ 111.1 ಮಿ.ಮೀ. ಸುರಿದು, 1891ರಿಂದ ಉಳಿದಿದ್ದ ಜೂನ್ ತಿಂಗಳ ದಾಖಲೆ ಮುರಿದಿತ್ತು. ಟ್ರಿನಿಟಿ ಮತ್ತು ಎಂ.ಜಿ. ರಸ್ತೆ ನಿಲ್ದಾಣಗಳ ನಡುವೆ ಮೆಟ್ರೊ ಹಳಿಯ ಮೇಲೆ ಮರ ಬಿದ್ದ ಸಂಜೆ ಅದು. ಮನೆಗೆ ಹೋಗಿ ರಾಜಾಜಿನಗರಕ್ಕೊಂದು, ಕೆಂಗೇರಿಗೊಂದು ಮಳೆಯ ನಕ್ಷೆ ತರಿಸಿದೆ. ಎರಡೂ ಒಂದೇ! ಒಂದು ಅಂಕಿಯೂ ವ್ಯತ್ಯಾಸವಿಲ್ಲ. 111.1 ಎಂಬುದು ಎರಡರಲ್ಲೂ ಇಲ್ಲ.

ಈ ಸಲ ಕಾರಣ ಹುಟ್ಟಿಸಲು ಹೋಗಲಿಲ್ಲ, ಹುಡುಕಿದೆ. ನಾನು ಆರಿಸಿದ್ದ ‘ಇಆರ್‌ಎ5’ ಎಂಬ ದತ್ತಾಂಶ ಯುರೋಪಿನ ಮಧ್ಯಮಾವಧಿ ಹವಾಮಾನ ಮುನ್ಸೂಚನಾ ಕೇಂದ್ರದ್ದು. ಅದು ಒಂದು ಮಳೆಮಾಪಕದ ಓದು ಅಲ್ಲ. ಜಗತ್ತಿನ ಅಳತೆಗಳನ್ನೂ ಹವಾಮಾನದ ಗಣಿತ ಮಾದರಿಯನ್ನೂ ಸೇರಿಸಿ, ಭೂಮಿಯನ್ನು 0.25 ಡಿಗ್ರಿಯ ಚೌಕಗಳಾಗಿ ವಿಂಗಡಿಸಿ ಮಾಡಿದ ಲೆಕ್ಕ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿ.ಮೀ. ಅದರ ಕಾಲು ಭಾಗ ಸುಮಾರು 28 ಕಿ.ಮೀ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿ ಎಲ್ಲವೂ ಒಂದೇ ಚೌಕದಲ್ಲಿ ಬೀಳುತ್ತವೆ. ರಾಜಾಜಿನಗರದಲ್ಲಿ ಸುರಿದು ಕೆಂಗೇರಿಯಲ್ಲಿ ಬಿಸಿಲಿರುವುದು ನಮ್ಮ ಊರಿನ ಮಾಮೂಲಿ. ಆ ಚೌಕಕ್ಕೆ ಅದು ಕಾಣುವುದಿಲ್ಲ. ಹವಾಮಾನ ಇಲಾಖೆಯ 111.1 ಒಂದು ಜಾಗದಲ್ಲಿಟ್ಟ ಮಾಪಕದ್ದು. ಅದೂ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ ಎಣಿಸುವ ದಿನದ ಲೆಕ್ಕ. ಎರಡೂ ಸುಳ್ಳಲ್ಲ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಉತ್ತರ.

ಎರಡು ನಕ್ಷೆಗಳನ್ನೂ ತರಗತಿಗೆ ಒಯ್ದು, ‘ಇವೆರಡು ಯಾಕೆ ಒಂದೇ ಥರ ಇವೆ?’ ಎಂದಷ್ಟೇ ಕೇಳಿದೆ. ‘ನೀವು ಒಂದನ್ನೇ ಎರಡು ಸಲ ಪ್ರಿಂಟ್ ಹಾಕಿದ್ದೀರ ಮಿಸ್’ ಎಂಬುದು ಮೊದಲ ಉತ್ತರ. ನನ್ನ ಮೇಲೆ ಅನುಮಾನಪಡಲು ಮಕ್ಕಳು ಕಲಿತಿದ್ದರು. ಹಿಂದೆ ಕೂತಿದ್ದ ಗಣಿತದ ಮೇಡಂ ಜೋರಾಗಿ ನಕ್ಕರು. ತರಗತಿ ಹಿಡಿತ ತಪ್ಪಲಿಲ್ಲ.

ಈ ದಾರಿಯಲ್ಲಿ ಪಾಠ ಮಾಡಬೇಕೆನ್ನುವವರಿಗೆ ನನ್ನ ಅನುಭವದಿಂದ ಕೆಲವು ಮಾತು. ಸಮಯವಲಯವನ್ನು ಕೇಳುವಾಗಲೇ ತಿಳಿಸಿ, ಬಂದ ಮೇಲೆ ಕೋಷ್ಟಕದ ಗಂಟೆಗಳನ್ನೂ ಭಾರತೀಯ ಸಮಯಕ್ಕೆ ಬದಲಿಸಿ. ಮಾದರಿ ಸಂಕೇತ ಅವನ್ನು ಯುಟಿಸಿಯಲ್ಲೇ ತೋರಿಸಬಹುದು. ಯುಟಿಸಿಯಲ್ಲಿ ಕೇಳಿದ ಒಂದು ದಿನ ನಮ್ಮ ಬೆಳಗಿನ ಐದೂವರೆಗೆ ಶುರುವಾಗಿ ಮರುದಿನ ಐದೂವರೆಗೆ ಮುಗಿಯುತ್ತದೆ. ಹಾಗಾಗಿ ಹಿಂದಿನ ಮತ್ತು ಮುಂದಿನ ದಿನವನ್ನೂ ಸೇರಿಸಿ ತರಿಸಿ, ನಮ್ಮ ದಿನವನ್ನು ಕತ್ತರಿಸಿಕೊಳ್ಳುವುದು ಕ್ಷೇಮ. ಒಂದಕ್ಕಿಂತ ಹೆಚ್ಚು ಅಳತೆ ಕೇಳಿದ್ದರೆ, ಕೇಳಿದ ಕ್ರಮದಲ್ಲೇ ಓದಿಕೊಳ್ಳಬೇಕು. ಈ ಗ್ರಂಥಾಲಯ ಅವನ್ನು ಸೊನ್ನೆ, ಒಂದು ಎಂಬ ಕ್ರಮಸಂಖ್ಯೆಯಿಂದ ಕೊಡುತ್ತದೆ, ಅದಲುಬದಲಾದರೂ ಎಚ್ಚರಿಸುವುದಿಲ್ಲ. ಅರ್ಥವಾಗದ ಗುರುತನ್ನು ಅಂದಕ್ಕಾಗಿ ಅಳಿಸಬೇಡಿ. ಪಾಠಕ್ಕೆ ಮೊದಲು ನಕ್ಷೆಯನ್ನು ಸಾಫ್ಟ್‌ವೇರ್ ತಿಳಿಯದ ಒಬ್ಬರಿಗೆ ತೋರಿಸಿ, ‘ಇದು ಸರಿ ಅನ್ನಿಸುತ್ತಾ?’ ಎಂದು ಕೇಳಿ. ನನ್ನ ಅಮ್ಮನಿಗೆ ತೋರಿಸಿದ್ದರೆ ಅರ್ಧ ನಿಮಿಷದಲ್ಲಿ ಹಿಡಿಯುತ್ತಿದ್ದರು.

ಶಾಲೆಯ ಕೊನೆಯ ವಾರದಲ್ಲಿ ಎರಡನೇ ಬೆಂಚಿನ ಹುಡುಗಿ ಸರಿಪಡಿಸಿದ ನಕ್ಷೆಯ ಒಂದು ಪ್ರತಿ ಕೇಳಿದಳು, ಅಮ್ಮನಿಗೆ ತೋರಿಸಲು. ಮರುದಿನ ಏನೆಂದರು ಎಂದು ವಿಚಾರಿಸಿದೆ.

‘ನೋಡಿದ್ರು ಮಿಸ್. ಇದಕ್ಕೆ ಇಷ್ಟೆಲ್ಲಾ ಬೇಕಿತ್ತಾ, ನನ್ನ ಕೇಳಿದ್ರೆ ಹೇಳ್ತಿದ್ನಲ್ಲ ಅಂದ್ರು.’

ಅವಳ ನೋಟ್‌ಬುಕ್ಕಿನಲ್ಲಿ ಹಳೆಯ ವಾಕ್ಯ ಹಾಗೇ ಇತ್ತು. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ‘2.30’ ಎಂದು ಬರೆದಿದ್ದಳು.